ಕೀನ್ಯಾಕ್ಕೆ ಮಕ್ಕಳಿಗೆ ಓದು ಕಲಿಸಲು ಹೊರಟಿದ್ದೀರಾ?

ಬೆಳಗಾವಿಯಿಂದ ನಾವು ಕೆಲವು ಕಾಲೇಜು ಹುಡುಗರು, ಹುಡುಗಿಯರು ಕೀನ್ಯಾದ ಕಿಸುಮುಗೆ ಹೋಗಿ ಬಂದೆವು. ವಿಕ್ಟೋರಿಯಾ ಸರೋವರದ ದಂಡೆಯ ಊರು ಅದು. ಅಲ್ಲೊಂದು ಓಣಿಯ ಜನರೇ ಸೇರಿ, ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಓದು ಕಲಿಸುತ್ತಾರೆ. ಅವರಿಗೆ ಕೈಜೋಡಿಸುವುದು ನಮ್ಮ ಕೆಲಸ.

ಮೊದಲು ತಿಂಗಳು ನೋಡಿಕೊಳ್ಳಿ. ಅಲ್ಲಿ ಶಾಲೆ ಶುರುವಾಗುವುದು ಜನವರಿಗೆ. ಏಪ್ರಿಲ್, ಆಗಸ್ಟ್‌ನಲ್ಲಿ ರಜೆ ಇರುತ್ತದೆ, ಜೂನ್‌ನಲ್ಲಿ ಹೋದರೆ ಒಳ್ಳೆಯದು.

ಹಳದಿ ಜ್ವರದ ಲಸಿಕೆ ಎಲ್ಲ ಆಸ್ಪತ್ರೆಗಳಲ್ಲಿ ಸಿಗಲ್ಲ, ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ. ಹೊರಡುವ 10 ದಿನ ಮೊದಲಾದರೂ ಹಾಕಿಸಿಕೊಳ್ಳಿ. ಲಸಿಕೆ ಹಾಕಿಸಿಕೊಂಡಾಗ ಕೊಡುವ ಕಾರ್ಡ್ ಇಲ್ಲದೆ ವಾಪಸ್ ಬಂದರೆ ಇಲ್ಲಿಯೇ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಕಿಸುಮುದಲ್ಲಿ ಮಲೇರಿಯಾ ಇದೆ, ಮಾತ್ರೆ ಬಗ್ಗೆ ಡಾಕ್ಟರನ್ನು ಕೇಳಿ. 2024ರ ಜನವರಿಯಿಂದ ಕೀನ್ಯಾದಲ್ಲಿ ವೀಸಾ ಬದಲು ಇಟಿಎ, ಅಂದರೆ ಎಲೆಕ್ಟ್ರಾನಿಕ್ ಪ್ರಯಾಣ ಅನುಮತಿ ಬಂದಿದೆ, ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಬೇಕು. ಆದರೆ ಕಲಿಸುವ ಕೆಲಸಕ್ಕೆ ಅದೊಂದೇ ಸಾಕಾ, ಬೇರೆ ಪಾಸ್ ಬೇಕಾ ಅಂತ ಕರೆಸಿಕೊಳ್ಳುವವರಿಂದ ಬರಹದಲ್ಲೇ ತರಿಸಿಕೊಳ್ಳಿ.

ಶೇಂಗಾ ಹಿಂಡಿ, ಗೋಕಾಕದ ಕರದಂಟು ಒಯ್ಯಿರಿ, ಆದರೆ ಪ್ಲಾಸ್ಟಿಕ್ ಕ್ಯಾರಿಬ್ಯಾಗಿನಲ್ಲಿ ಕಟ್ಟಬೇಡಿ. 2017ರ ಆಗಸ್ಟ್‌ನಿಂದ ಅಲ್ಲಿ ಅದು ನಿಷೇಧ, ದಂಡ ಭಾರೀ ಇದೆ. ಡಬ್ಬಿ, ಬಟ್ಟೆ ಚೀಲ ಸಾಕು. ಅಲ್ಲಿ ದಿನಾ ಉಗಾಲಿ ಸಿಗುತ್ತದೆ, ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಜೊತೆಗೆ ಸೊಪ್ಪಿನ ಪಲ್ಯ. ರೊಟ್ಟಿ ತಿಂದು ಬೆಳೆದವರಿಗೆ ಬೇಗ ಒಗ್ಗುತ್ತದೆ.

ಇನ್ನು ತರಗತಿ. ಮನೆಯಲ್ಲಿ ಮಕ್ಕಳು ಲುಓ ಭಾಷೆ ಮಾತಾಡುತ್ತಾರೆ, ಶಾಲೆಯಲ್ಲಿ ಸ್ವಾಹಿಲಿ, ಇಂಗ್ಲಿಷ್. ಮನೆಯಲ್ಲಿ ಮರಾಠಿ, ಉರ್ದು ಮಾತಾಡಿ ಶಾಲೆಗೆ ಬಂದು ಕನ್ನಡ ಓದುವ ಮಕ್ಕಳನ್ನು ನಾವು ಬೆಳಗಾವಿಯಲ್ಲಿ ನೋಡಿಲ್ವಾ? ಆ ತೊಡಕು ನಮಗೆ ಚೆನ್ನಾಗಿ ಗೊತ್ತು, ಅದಕ್ಕೇ ಬರೀ ಇಂಗ್ಲಿಷ್‌ನಲ್ಲಿ ಪಾಠ ಒಪ್ಪಿಸಿ ಬರಬೇಡಿ. ಅಲ್ಲಿನ ಟೀಚರ್ ಹೇಳುವಾಗ ಪಕ್ಕದಲ್ಲಿ ಕೂತು, ಹಿಂದೆ ಬಿದ್ದ ಮಗುವಿನ ಜೊತೆ ಬೆರಳಿಟ್ಟು ಒಂದೊಂದೇ ಪದ ಓದಿಸಿ. ನಿಜವಾಗಿ ಉಪಯೋಗಕ್ಕೆ ಬಂದದ್ದು ಅದು. ತಗಡಿನ ಮಾಡಿನ ಮೇಲೆ ಮಳೆ ಬಿತ್ತೆಂದರೆ ಕೂಗಿದರೂ ಯಾರಿಗೂ ಕೇಳಿಸಲ್ಲ, ಆಗ ಟೀಚರ್ ರಟ್ಟಿನ ಡಬ್ಬಿ ಕತ್ತರಿಸಿ ಮಾಡಿದ ಅಕ್ಷರದ ಚೀಟಿಗಳನ್ನು ನೆಲಕ್ಕೆ ಸುರಿಯುತ್ತಿದ್ದರು, ಮಕ್ಕಳು ಮಾತಿಲ್ಲದೆ ಪದ ಜೋಡಿಸುತ್ತಿದ್ದರು. ಅಂಥ ಚೀಟಿ ಮಾಡಲು ಕತ್ತರಿ, ದಪ್ಪ ಮಾರ್ಕರ್ ಜಾಸ್ತಿ ಒಯ್ಯಿರಿ. ಪುಸ್ತಕ ಮಾತ್ರ ಅಲ್ಲೇ ಕೊಳ್ಳಿ, ಅವರ ಪಠ್ಯಕ್ಕೆ ಹೊಂದಬೇಕಲ್ಲ.

ಮಕ್ಕಳ ಫೋಟೋ ಮನೆಯವರನ್ನು ಕೇಳದೆ ತೆಗೆಯಲೇಬೇಡಿ. ಮತ್ತೆ ಬರುತ್ತೇವೆ, ದುಡ್ಡು ಕಳಿಸುತ್ತೇವೆ ಅಂತ ಸುಮ್ನೆ ಮಾತು ಕೊಡಬೇಡಿ, ಮಕ್ಕಳು ಅದನ್ನೇ ನಂಬಿ ಕಾಯುತ್ತಾರೆ.

ಟಿಕೆಟ್ ತೆಗೆಸುವ ಮೊದಲು ಆ ಟೀಚರ್ ಜೊತೆ ಫೋನಿನಲ್ಲಿ ಮಾತಾಡಿ, ಏನು ಬೇಕು ಅಂತ ಅವರನ್ನೇ ಕೇಳಿ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ತಾಸು ಹಿಂದೆ, ಹಾಗಾಗಿ ನಮ್ಮ ರಾತ್ರಿ 9ಕ್ಕೆ ಮಾಡಿದರೆ ಅವರು ತರಗತಿ ಮುಗಿಸಿರುತ್ತಾರೆ.