ಆ 5 ನಿಮಿಷ

ಬೆಳಿಗ್ಗೆ ಮಗಳನ್ನು ದಾವಣಗೆರೆ ಸ್ಟೇಷನ್ನಿನಲ್ಲಿ ಬೆಂಗಳೂರು ರೈಲು ಹತ್ತಿಸಿ ಬಂದೆ. ಅವಳಿಗೆ ಇದು ಮೊದಲ ನೌಕರಿ. ಬ್ಯಾಗಿನಲ್ಲಿ ಬಟ್ಟೆಗಿಂತ ಚಟ್ನಿಪುಡಿ, ಮಂಡಕ್ಕಿಯೇ ಜಾಸ್ತಿ. ರೈಲು ಹೊರಟ ಮೇಲೂ ನಿಂತಿರಬೇಕು ಅನ್ನಿಸಿತು. ಆದರೆ ಅಪ್ಪನ ಕಣ್ಣಿಗೆ ಡ್ರಾಪ್ಸ್ ಹಾಕುವ ಹೊತ್ತಾಗಿತ್ತು.

ಪೊರೆ ಆಪರೇಷನ್ ಆಗಿ 9 ದಿನ. ಎರಡು ಔಷಧಿಗಳ ನಡುವೆ 5 ನಿಮಿಷ ಬಿಡಬೇಕು, ಇಲ್ಲದಿದ್ದರೆ ಮೊದಲು ಹಾಕಿದ್ದು ತೊಳೆದು ಹೋಗುತ್ತದೆ. ಅಷ್ಟು ಹೊತ್ತೂ ಅಪ್ಪ ಕಣ್ಣು ಮುಚ್ಚಿ, ನನ್ನ ಕೈ ಹಿಡಿದು ಕೂತಿರುತ್ತಾರೆ. ಕಾಟನ್ ಮಿಲ್ಲಿನಲ್ಲಿ ದುಡಿದು ನನ್ನನ್ನು ಓದಿಸಿದ ಕೈ. ಈಗ ಎಷ್ಟು ಹಗುರ ಅಂದರೆ, ಹಿಡಿದರೆ ಎದೆ ಚುರ್ ಅನ್ನುತ್ತದೆ. ಮಗಳ ಕೈ ಬಿಟ್ಟು ಬಂದು ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ, ಅಲ್ವಾ.

"ರೈಲು ಚಿಕ್ಕಜಾಜೂರು ದಾಟಿತೇನೋ," ಅಂದರು ಅಪ್ಪ, ಕಣ್ಣು ಮುಚ್ಚಿಕೊಂಡೇ.

ಫೋನ್ ಹಚ್ಚಿ ಸ್ಪೀಕರ್ ಹಾಕಿದೆ.