ಕೆನಡಿ ಟೌನ್‌ನಿಂದ ಶೌ ಕೀ ವಾನ್: ಹಳೆಯ ಕಡಲಂಚಿನ ಮೇಲೆ ಓಡುವ ಟ್ರಾಮ್

23 ನವೆಂಬರ್ 2025, ಭಾನುವಾರ
ಹಾಂಗ್‌ಕಾಂಗ್

ಸೆಕೆ ಇಳಿದು ಒಣಗಾಳಿ ಬೀಸತೊಡಗಿದೆ. ಹಾಂಗ್‌ಕಾಂಗ್ ದ್ವೀಪದ ಟ್ರಾಮ್ ಹತ್ತಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಒಂದೆರಡು ವಿಶೇಷ ಗಾಡಿ ಬಿಟ್ಟರೆ ಯಾವುದರಲ್ಲೂ ಎ.ಸಿ. ಇಲ್ಲ, ಕಿಟಕಿಯ ಗಾಳಿಯನ್ನೇ ನೆಚ್ಚಿಕೊಂಡು ಕೂರಬೇಕು. ಜುಲೈ ಮಧ್ಯಾಹ್ನ ಮೇಲಿನ ಮಹಡಿಯಲ್ಲಿ ಅರ್ಧ ಗಂಟೆ ಕೂರುವುದೇ ಕಷ್ಟ. ಈಗ ಈ ತುದಿಯಿಂದ ಆ ತುದಿಯವರೆಗೆ ಆರಾಮವಾಗಿ ಹೋಗಬಹುದು.

ಊರಿನಿಂದ ಬರುವವರು ಟ್ರಾಮ್ ಎಂದೊಡನೆ ಪೀಕ್ ಟ್ರಾಮ್ ಕೇಳುತ್ತಾರೆ. ಅದು ಬೇರೆ. ಉಕ್ಕಿನ ಹಗ್ಗ ಎಳೆದು ಗುಡ್ಡ ಹತ್ತಿಸುವ ಗಾಡಿ ಅದು, ಟಿಕೆಟ್ಟೂ ದುಬಾರಿ. ನಾನು ಹೇಳುತ್ತಿರುವುದು ಬೀದಿಯ ನಡುವೆ ಓಡುವ ಎರಡಂತಸ್ತಿನ ಟ್ರಾಮ್. ಡ್ರೈವರ್ ಕಾಲಲ್ಲಿ ಒತ್ತುವ ಗಂಟೆಯ ಸದ್ದಿನಿಂದ ಊರವರು ಅದನ್ನು ಡಿಂಗ್ ಡಿಂಗ್ ಎಂದೇ ಕರೆಯುತ್ತಾರೆ. 1904ರ ಜುಲೈ 30ರಂದು ಒಂದಂತಸ್ತಿನ ಗಾಡಿಗಳಿಂದ ಶುರುವಾಯಿತು, 1912ರಲ್ಲಿ ಎರಡಂತಸ್ತಿನವು ಬಂದವು. ಹಳಿಗಳ ನಡುವಿನ ಅಗಲ 1067 ಮಿಲಿಮೀಟರ್, ತಂತಿಯಲ್ಲಿ 550 ವೋಲ್ಟ್ ಡಿ.ಸಿ. ವಿದ್ಯುತ್ತು. ಪಶ್ಚಿಮದ ಕೆನಡಿ ಟೌನ್‌ನಿಂದ ಪೂರ್ವದ ಶೌ ಕೀ ವಾನ್‌ಗೆ ಸುಮಾರು 13 ಕಿಲೋಮೀಟರ್. ನಡುವೆ ಹ್ಯಾಪಿ ವ್ಯಾಲಿ ಕಡೆಗೆ ಒಂದು ಸುತ್ತುದಾರಿ ಕವಲೊಡೆಯುತ್ತದೆ. ಓಡುವ ಮಾರ್ಗಗಳು ಆರು, ಆದರೆ ಎಲ್ಲವೂ ಹಂಚಿಕೊಳ್ಳುವುದು ಈ ಒಂದೇ ಹಳಿಜೋಡಿಯನ್ನು.

ಈ ಹಳಿಯನ್ನು ನೋಡಬೇಕಾದ ರೀತಿಯೊಂದಿದೆ. ಪೂರ್ವಕ್ಕೆ ಹೋಗುವ ಟ್ರಾಮ್‌ನ ಮೇಲಿನ ಮಹಡಿಯಲ್ಲಿ, ಮುಂದಿನ ಸಾಲಿನಲ್ಲಿ ಕೂತು ಅಡ್ಡರಸ್ತೆಗಳನ್ನು ಗಮನಿಸಿ. ಬಲಗಡೆಯ ಬೀದಿಗಳು ಸ್ವಲ್ಪ ದೂರದಲ್ಲೇ ಏರತೊಡಗುತ್ತವೆ, ಕೆಲವು ನೇರ ಮೆಟ್ಟಿಲುಗಳೇ ಆಗಿಬಿಡುತ್ತವೆ. ಎಡಗಡೆಯವು ಕೊನೆಯವರೆಗೂ ಮಟ್ಟಸ. ಗುಡ್ಡದ ಬುಡ ಮುಗಿದು ಕಡಲು ಶುರುವಾಗುತ್ತಿದ್ದ ಗೆರೆಗುಂಟ ಹಳಿ ಹಾಕಿದ್ದರಿಂದ ಹೀಗೆ. ಎಡಗಡೆ ಕಾಣುವ ಗೋಪುರಗಳಲ್ಲಿ ಬಹುಪಾಲು ಕಡಲು ತುಂಬಿಸಿ ಮಾಡಿದ ನೆಲದ ಮೇಲೆ ನಿಂತಿವೆ. ಅಷ್ಟು ಇಕ್ಕಟ್ಟಾದ, ಎತ್ತರದ ಗಾಡಿ ಈ ಗುಡ್ಡದ ಊರಿನಲ್ಲಿ ನೂರಿಪ್ಪತ್ತು ವರ್ಷ ಓಡಲು ಸಾಧ್ಯವಾದದ್ದೂ ಈ ಮಟ್ಟಸದಿಂದಲೇ.

ಹತ್ತುವ ಕ್ರಮ ಮೊದಲು ಹೇಳುತ್ತೇನೆ, ಹೊಸಬರು ತಡವರಿಸುವುದು ಅಲ್ಲೇ. ಸ್ಟಾಪ್‌ಗಳು ಹೆಚ್ಚಾಗಿ ರಸ್ತೆ ನಡುವಿನ ಕಿರಿದಾದ ಕಟ್ಟೆಗಳು, ಸರಾಸರಿ 250 ಮೀಟರಿಗೊಂದು. ಹಿಂಬಾಗಿಲಲ್ಲಿ ತಿರುಗುವ ಗೇಟು ದಾಟಿ ಹತ್ತಬೇಕು. ದೊಡ್ಡ ಸೂಟ್‌ಕೇಸ್ ಆ ಗೇಟಿನಲ್ಲಿ ತೂರುವುದಿಲ್ಲ, ತರಬೇಡಿ. ಹತ್ತುವಾಗ ದುಡ್ಡು ಕೊಡುವಂತಿಲ್ಲ. ಇಳಿಯುವಾಗ ಮುಂಬಾಗಿಲಲ್ಲಿ, ಡ್ರೈವರ್ ಪಕ್ಕದ ಯಂತ್ರಕ್ಕೆ ಮೊದಲೇ ದುಡ್ಡು ತುಂಬಿಸಿಟ್ಟ ಆಕ್ಟೋಪಸ್ ಕಾರ್ಡ್ ತೋರಿಸಬೇಕು ಇಲ್ಲವೇ ಡಬ್ಬಿಗೆ ನಾಣ್ಯ ಹಾಕಬೇಕು. ಎಷ್ಟೇ ದೂರ ಹೋದರೂ ದೊಡ್ಡವರಿಗೆ ಒಂದೇ ದರ, 2025ರ ಮೇ ತಿಂಗಳಿಂದ 3.30 ಹಾಂಗ್‌ಕಾಂಗ್ ಡಾಲರ್. ಚಿಲ್ಲರೆ ವಾಪಸ್ ಕೊಡುವುದಿಲ್ಲ, ಆದ್ದರಿಂದ ಸರಿಯಾದ ನಾಣ್ಯ ಕೈಯಲ್ಲಿರಲಿ.

ಮೇಲಕ್ಕೆ ಹೋಗಲು ಹಿಂದಿನ ಮೆಟ್ಟಿಲು, ಇಳಿಯಲು ಮುಂದಿನದು. ಎರಡೂ ಕಡಿದು, ಒಬ್ಬರಷ್ಟೇ ಹಿಡಿಸುವಷ್ಟು ಅಗಲ. ಇಳಿಯುವ ಸ್ಟಾಪ್‌ಗೆ ಎರಡು ಸ್ಟಾಪ್ ಮುಂಚೆಯೇ ಕೆಳಗೆ ಬಂದುಬಿಡಿ. ಭಾನುವಾರದ ಜನಜಂಗುಳಿಯಲ್ಲಿ ಕೊನೆಗಳಿಗೆಯಲ್ಲಿ ಎದ್ದರೆ ಬಾಗಿಲು ಮುಟ್ಟುವುದರೊಳಗೆ ಗಾಡಿ ಹೊರಟಿರುತ್ತದೆ. ತಲುಪುವ ಊರಿನ ಬೋರ್ಡು ಗಾಡಿಯ ನೆತ್ತಿಯಲ್ಲಿರುತ್ತದೆ, ಅದನ್ನು ಓದದೆ ಹತ್ತಬೇಡಿ. ಪೂರ್ವಕ್ಕೆ ಹೋಗುವುದೆಲ್ಲ ಶೌ ಕೀ ವಾನ್‌ಗೆ ಹೋಗುವುದಿಲ್ಲ. ಹ್ಯಾಪಿ ವ್ಯಾಲಿ ಗಾಡಿ ಕಾಸ್‌ವೇ ಬೇಯಲ್ಲಿ ದಕ್ಷಿಣಕ್ಕೆ ತಿರುಗಿಬಿಡುತ್ತದೆ, ನಾರ್ತ್ ಪಾಯಿಂಟ್ ಗಾಡಿ ಅಲ್ಲಿಗೇ ಮುಗಿಯುತ್ತದೆ.

ಪಶ್ಚಿಮದ ಕೊನೆಯ ನಿಲ್ದಾಣ ಕ್ಯಾಚಿಕ್ ಸ್ಟ್ರೀಟ್‌ನಲ್ಲಿದೆ. ಆ ಹೆಸರು ಕ್ಯಾಚಿಕ್ ಪಾಲ್ ಚೇಟರ್ ಅವರದು. ಕಲ್ಕತ್ತೆಯ ಅರ್ಮೇನಿಯನ್ ಮನೆತನದಲ್ಲಿ 1846ರಲ್ಲಿ ಹುಟ್ಟಿ 1864ರಲ್ಲಿ ಇಲ್ಲಿಗೆ ಬಂದವರು. ಊರಿನ ಕಡಲಂಚನ್ನು ಉತ್ತರಕ್ಕೆ ಸರಿಸುವ ಪ್ರಾಯಾ ಯೋಜನೆಯನ್ನು ಹಠ ಹಿಡಿದು ಮುಂದೆ ತಂದವರು ಇವರೇ. ಪ್ರಾಯಾ ಎಂದರೆ ಕಡಲದಂಡೆಯ ರಸ್ತೆ. 1890ರಲ್ಲಿ ಕೆಲಸ ಶುರುವಾಗಿ 1904ರ ಹೊತ್ತಿಗೆ ಮುಗಿಯಿತು, ಅಂದರೆ ಟ್ರಾಮ್ ಹೊರಟ ವರ್ಷವೇ. ಅಲ್ಲಿಯವರೆಗೆ ಅಲೆ ಬಡಿಯುತ್ತಿದ್ದ ದಂಡೆರಸ್ತೆ ಇವತ್ತಿನ ಡೆ ವೂ ರೋಡ್. ಟ್ರಾಮ್‌ನ ಪಶ್ಚಿಮಾರ್ಧದ ಹೆಚ್ಚು ಭಾಗ ಆ ರಸ್ತೆಯಲ್ಲೇ ಇದೆ. ಹಾಂಗ್‌ಕಾಂಗ್‌ನ ಚರಿತ್ರೆ ಹೇಳುವಾಗ ಚೇಟರ್ ಹೆಸರು ಇನ್ನೂ ಮೇಲೆ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬ್ಯಾಂಕು, ಕಚೇರಿಗಳಿಂದ ತುಂಬಿದ ಊರಿನ ನಡುಭಾಗ ಸೆಂಟ್ರಲ್‌ನ ಬಹಳಷ್ಟು ನೆಲ ಅವರ ಯೋಜನೆಯಿಂದ ಬಂದದ್ದು.

ಕೆನಡಿ ಟೌನ್‌ನಲ್ಲಿ ನೀರು ಇನ್ನೂ ಹಳಿಗೆ ಹತ್ತಿರವಿದೆ. ಅಲ್ಲಿಂದ ಶೆಕ್ ಟಾಂಗ್ ಟ್ಸುಯಿ ಬರುತ್ತದೆ, ವಿಟ್ಟಿ ಸ್ಟ್ರೀಟ್ ಡಿಪೋ ಇರುವುದು ಇಲ್ಲೇ. ಗಾಡಿಗಳ ರಿಪೇರಿಯಷ್ಟೇ ಅಲ್ಲ, ಹೊಸ ಗಾಡಿ ಕಟ್ಟುವುದೂ ಇದೇ ಡಿಪೋದಲ್ಲಿ. ಹಳೆಯ ಗಾಡಿಗಳ ಮೈ ತೇಗದ ಮರದ್ದು, 2011ರಿಂದ ಬಂದವುಗಳದ್ದು ಅಲ್ಯೂಮಿನಿಯಂ. ಡಿಪೋ ದಾಟಿದ ಮೇಲೆ ಡೆ ವೂ ರೋಡ್ ವೆಸ್ಟ್‌ನ ಒಣಮೀನಿನ ಅಂಗಡಿಗಳ ಸಾಲು. ಒಣಸಿಗಡಿ, ಸಿಂಪಿ, ಸ್ಕಾಲಪ್, ಮೀನಿನ ಗಾಳಿಚೀಲ ಎಲ್ಲ ಗೋಣಿ ಗೋಣಿಯಾಗಿ ರಸ್ತೆಗೇ ಬಂದಿರುತ್ತವೆ. ವಾಸನೆ ಮೇಲಿನ ಕಿಟಕಿಗೂ ತಲುಪುತ್ತದೆ, ಮಂಗಳೂರು ಕಡೆಯವರಿಗೆ ಹೊಸದೆನಿಸದು. ಶೆಯುಂಗ್ ವಾನ್‌ನಲ್ಲಿ 1906ರ ಕೆಂಪು ಇಟ್ಟಿಗೆಯ ವೆಸ್ಟರ್ನ್ ಮಾರ್ಕೆಟ್. ಶೌ ಕೀ ವಾನ್‌ನಿಂದ ಬರುವ ಹಲವು ಗಾಡಿಗಳು ಇದನ್ನು ಸುತ್ತುಹಾಕಿಕೊಂಡು ವಾಪಸಾಗುತ್ತವೆ.

ಸೆಂಟ್ರಲ್‌ನಲ್ಲಿ ಬಲಕ್ಕೆ ಎಚ್‌ಎಸ್‌ಬಿಸಿ ಬ್ಯಾಂಕು, ಅದರ ಬಾಗಿಲಲ್ಲಿ 1935ರ ಕಂಚಿನ ಸಿಂಹಗಳು. ಎಡಕ್ಕೆ ಸ್ಟ್ಯಾಚೂ ಸ್ಕ್ವೇರ್ ಮತ್ತು 1912ರ ಹಳೆಯ ಸುಪ್ರೀಂ ಕೋರ್ಟ್ ಕಟ್ಟಡ. ಹಳಿಯ ಎಡಬದಿಯ ಈ ನೆಲ ಚೇಟರ್ ಯೋಜನೆಯದು. ಕೋರ್ಟ್ ಕಟ್ಟಡದ ಅಡಿಗೆ ಮರದ ಕಂಬಗಳನ್ನು ಹೊಡೆದು ತಳಪಾಯ ಹಾಕಬೇಕಾಗಿ ಬಂದದ್ದು ಅದಕ್ಕೇ. ಭಾನುವಾರ ಚೇಟರ್ ರೋಡ್‌ನಲ್ಲಿ ವಾಹನ ಬಿಡುವುದಿಲ್ಲ. ಮನೆಗೆಲಸದ ಫಿಲಿಪೈನ್ಸ್ ಹೆಂಗಸರು ರಟ್ಟು ಹಾಸಿಕೊಂಡು ಊಟ, ಹಾಡು, ಹರಟೆಯಲ್ಲಿ ದಿನವಿಡೀ ಅಲ್ಲೇ ಇರುತ್ತಾರೆ. ವಾರಕ್ಕೊಂದೇ ರಜೆ ಅವರದು. ಟ್ರಾಮ್‌ನಲ್ಲೂ ಭಾನುವಾರ ಅವರದೇ ಹೆಚ್ಚು ಓಡಾಟ.

ಬ್ಯಾಂಕಿನ ಪಕ್ಕದ ತಿರುವಿನಲ್ಲಿ ಟ್ರಾಮ್ ತೀರಾ ನಿಧಾನವಾಗುತ್ತದೆ. 2017ರ ಏಪ್ರಿಲ್ 6ರಂದು ನಡುರಾತ್ರಿ ದಾಟಿದ ಹೊತ್ತಿನಲ್ಲಿ ಇಲ್ಲಿ ಒಂದು ಗಾಡಿ ಪಕ್ಕಕ್ಕೆ ಮಗುಚಿ 14 ಮಂದಿ ಗಾಯಗೊಂಡಿದ್ದರು. ಹಳಿ ಕಿರಿದು, ಗಾಡಿ ಎತ್ತರ, ಮೇಲಿನ ಮಹಡಿಯಲ್ಲಿ ಜನರ ಭಾರ. ತಿರುವಿನಲ್ಲಿ ವೇಗ ಸ್ವಲ್ಪ ಮೀರಿದರೂ ತೂಕವೆಲ್ಲ ಹೊರಬದಿಯ ಚಕ್ರಗಳ ಮೇಲೆ ಬೀಳುತ್ತದೆ. ನಿಧಾನವಾಯಿತೆಂದು ಗೊಣಗುವವರು ಇದನ್ನು ತಿಳಿದಿರಬೇಕು.

ವಾನ್ ಚಾಯ್‌ನಲ್ಲಿ ಹಳೆಯ ಕಡಲಂಚು ಇನ್ನೂ ಸ್ಪಷ್ಟ. ದೊಡ್ಡ ರಸ್ತೆ ಹೆನೆಸಿ ರೋಡ್ ನೇರವಾಗಿ ಹೋಗುತ್ತದೆ, ಟ್ರಾಮ್ ಮಾತ್ರ ಅದನ್ನು ಬಿಟ್ಟು ಬಾಗಿದ ಜಾನ್‌ಸ್ಟನ್ ರೋಡ್ ಹಿಡಿಯುತ್ತದೆ. ಯಾಕೆಂದರೆ ಟ್ರಾಮ್ ಬಂದಾಗ ಹೆನೆಸಿ ರೋಡ್ ಇರಲೇ ಇಲ್ಲ, ಅಲ್ಲಿ ನೀರಿತ್ತು. ಜಾನ್‌ಸ್ಟನ್ ರೋಡೇ ದಂಡೆ. 1920ರ ದಶಕದಲ್ಲಿ ಮಾರಿಸನ್ ಗುಡ್ಡ ಕಡಿದು ಆ ಮಣ್ಣನ್ನು ಕಡಲಿಗೆ ತುಂಬಿದರು, ಆ ಹೊಸ ನೆಲದ ಮೇಲೆ ಹೆನೆಸಿ ರೋಡ್ ಬಂತು. ಹಳಿ ತನ್ನ ಬಾಗು ಬಿಡಲಿಲ್ಲ. ಇಡೀ ದಾರಿಯಲ್ಲಿ ಒಂದೇ ಕಡೆ ಇಳಿದು ನೋಡುವುದಾದರೆ ಸದರ್ನ್ (Southorn) ಆಟದ ಮೈದಾನದ ಬಳಿ ಇಳಿಯಿರಿ. ಮೈದಾನದ ದಕ್ಷಿಣಕ್ಕೆ ಹಳಿಯ ಬಾಗು, ಉತ್ತರಕ್ಕೆ ನೇರ ರಸ್ತೆ, ಎರಡೂ ಒಟ್ಟಿಗೆ ಕಾಣುತ್ತವೆ.

ಹ್ಯಾಪಿ ವ್ಯಾಲಿ ಸುತ್ತುದಾರಿ ಕುದುರೆಪಂದ್ಯದ ಮೈದಾನವನ್ನು ಬಳಸಿ ಬರುತ್ತದೆ, ಒಂದೇ ಹಳಿ, ಒಂದೇ ದಿಕ್ಕು. ಮೈದಾನದ ಒಂದು ಬದಿಯಲ್ಲಿ ಮುಸ್ಲಿಂ, ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಸ್ಮಶಾನಗಳು ಸಾಲಾಗಿವೆ, ಪಾರ್ಸಿಗಳದ್ದೂ ಹತ್ತಿರದಲ್ಲೇ ಇದೆ. ಭಾರತೀಯರು ಹಬ್ಬಕ್ಕೆ ಸೇರುವ ಹಿಂದೂ ದೇವಸ್ಥಾನವೂ ಈ ಸುತ್ತಿನಲ್ಲೇ, ವಾಂಗ್ ನೈ ಚುಂಗ್ ರೋಡ್‌ನಲ್ಲಿ. ದೀಪಾವಳಿಗೆ ಹೋಗುವ ಕನ್ನಡದ ಮನೆಗಳವರಿಗೆ ಟ್ರಾಮ್‌ನಷ್ಟು ಅನುಕೂಲ ಬೇರೆ ಇಲ್ಲ, ಮೆಟ್ರೋ ಈ ಕಣಿವೆಗೆ ಬರುವುದಿಲ್ಲ. ಪಂದ್ಯದ ಬುಧವಾರ ಸಂಜೆ ಮಾತ್ರ ಈ ಗಾಡಿ ಹತ್ತಬೇಡಿ, ನಿಲ್ಲಲೂ ಜಾಗವಿರುವುದಿಲ್ಲ.

ಕಾಸ್‌ವೇ ಬೇಯ ಟೈಮ್ಸ್ ಸ್ಕ್ವೇರ್ ಮಾಲ್ ನಿಂತಿರುವ ಜಾಗ ಹಿಂದೆ ಟ್ರಾಮ್ ಡಿಪೋ. ಮುಂದೆ ವಿಕ್ಟೋರಿಯಾ ಪಾರ್ಕ್, ಅದೂ 1950ರ ದಶಕದಲ್ಲಿ ದೋಣಿಗಳ ತಂಗುದಾಣವನ್ನು ತುಂಬಿ ಮಾಡಿದ್ದು. ಸೆಂಟ್ರಲ್‌ನ ಸ್ಟ್ಯಾಚೂ ಸ್ಕ್ವೇರ್‌ನಲ್ಲಿದ್ದ ವಿಕ್ಟೋರಿಯಾ ರಾಣಿಯ ಪ್ರತಿಮೆ ಈಗ ಈ ಪಾರ್ಕಿನಲ್ಲಿದೆ.

ನಾರ್ತ್ ಪಾಯಿಂಟ್‌ನ ಚುನ್ ಯೆಂಗ್ ಸ್ಟ್ರೀಟ್ ಸಂತೆಯೊಳಗೆ ಟ್ರಾಮ್ ನುಗ್ಗುವ ಚಿತ್ರ ಎಲ್ಲರೂ ನೋಡಿರುತ್ತೀರಿ. ಅದಕ್ಕೆ ಶೌ ಕೀ ವಾನ್ ಗಾಡಿ ಹಿಡಿದರೆ ಆಗುವುದಿಲ್ಲ, ಅದು ಕಿಂಗ್ಸ್ ರೋಡ್‌ನಲ್ಲೇ ನೇರ ಹೋಗುತ್ತದೆ. ನಾರ್ತ್ ಪಾಯಿಂಟ್ ಎಂಬ ಬೋರ್ಡಿರುವ ಗಾಡಿ ಬೇಕು. ಫೋರ್ಟ್‌ರೆಸ್ ಹಿಲ್‌ನಲ್ಲಿ ಇಳಿದು ಬದಲಿಸಿಕೊಳ್ಳಬಹುದು, ಇನ್ನೊಮ್ಮೆ ದುಡ್ಡು ಕೊಡಬೇಕು ಅಷ್ಟೆ. ಸೊಪ್ಪು, ಮೀನು, ಹಣ್ಣಿನ ಅಂಗಡಿಗಳು ಹಳಿಯ ಅಂಚಿನವರೆಗೆ ಚಾಚಿರುತ್ತವೆ. ಡ್ರೈವರ್ ಗಂಟೆ ಒತ್ತುತ್ತಲೇ ಇರುತ್ತಾರೆ, ಜನ ಕೊನೆಯ ಹೆಜ್ಜೆಯಲ್ಲಿ ಪಕ್ಕಕ್ಕೆ ಸರಿಯುತ್ತಾರೆ. ಚಿತ್ರ ತೆಗೆಯುವವರು ಹಳಿಯ ನಡುವೆ ನಿಲ್ಲಬೇಡಿ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ, ಅದರಲ್ಲೂ ಮೀನಂಗಡಿಯ ನೀರು ಹರಿದು ಒದ್ದೆಯಾಗಿದ್ದರೆ ಗಾಡಿ ಬಸ್ಸಿನಷ್ಟು ಬೇಗ ನಿಲ್ಲದು.

ಕ್ವಾರಿ ಬೇಯಿಂದಾಚೆ ಎತ್ತರದ ವಸತಿಕಟ್ಟಡಗಳೇ. ಎಡಕ್ಕೆ ಕಾಣುವ ತೈಕೂ ಶಿಂಗ್ ಬಡಾವಣೆ ಇದ್ದಲ್ಲಿ 1970ರ ದಶಕದವರೆಗೆ ಹಡಗುಕಟ್ಟೆ ಇತ್ತು. ಸಾಯ್ ವಾನ್ ಹೋ ಎಂಬಲ್ಲಿ ಪೂರ್ವದ ಡಿಪೋ.

ಈ ಸಾಲಿನಲ್ಲಿ ಏನಾದರೂ ಕೆಟ್ಟರೆ ಎಲ್ಲವೂ ಕೆಡುತ್ತದೆ. ಮುಂದಿನ ಗಾಡಿಯನ್ನು ದಾಟಿಹೋಗಲು ಇನ್ನೊಂದು ಹಳಿ ಇಲ್ಲ. ವಿದ್ಯುತ್ತು ಪಡೆಯುವ ನೆತ್ತಿಯ ಸಲಾಕೆ ತಂತಿಯಿಂದ ಜಾರಿದರೂ, ಲಾರಿಯೊಂದು ಹಳಿಗಡ್ಡ ನಿಂತರೂ ಹಿಂದಿನವೆಲ್ಲ ಸಾಲುಗಟ್ಟುತ್ತವೆ. ಗಾಡಿಯೇ ಕೆಟ್ಟರೆ ಹಿಂದಿನ ಟ್ರಾಮ್ ಅದನ್ನು ತಳ್ಳಿಕೊಂಡು ಹೋಗಬೇಕು. ಗಾಡಿಗಳನ್ನು ಒಂದೇ ತುದಿಯಿಂದ ಓಡಿಸುವುದರಿಂದ ನಿಂತಲ್ಲಿಂದಲೇ ಹಿಂದಿರುಗುವಂತಿಲ್ಲ. ವೆಸ್ಟರ್ನ್ ಮಾರ್ಕೆಟ್, ಕಾಸ್‌ವೇ ಬೇ, ನಾರ್ತ್ ಪಾಯಿಂಟ್‌ನಂಥ ಸುತ್ತುಹಳಿ ಇರುವಲ್ಲಿ ಮಾತ್ರ ತಿರುಗಬಹುದು. ಹತ್ತು ನಿಮಿಷ ಟ್ರಾಮ್ ಕಾಣದೆ ಆಮೇಲೆ ನಾಲ್ಕು ಒಟ್ಟಿಗೆ ಬಂದರೆ ಕಾರಣ ಇದು. ಆಗ ಮೊದಲನೆಯದನ್ನು ಬಿಟ್ಟು ಮೂರನೆಯದು ಹತ್ತಿ, ಮೇಲೆ ಸೀಟು ಸಿಗುತ್ತದೆ. ಚಂಡಮಾರುತದ 8ನೇ ಸಂಕೇತ ಏರಿದರೆ ಟ್ರಾಮ್ ನಿಲ್ಲಿಸುತ್ತಾರೆ, ಅಂಥ ದಿನ ಮುಂಚೆಯೇ ಮನೆ ಸೇರಿಕೊಳ್ಳಿ.

ಇಡೀ ದಾರಿಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಶೌ ಕೀ ವಾನ್‌ನಲ್ಲಿ ಎಲ್ಲರೂ ಇಳಿಯಲೇಬೇಕು, ಅದೇ ಗಾಡಿಯಲ್ಲಿ ಕೂತು ವಾಪಸ್ ಬರುವಂತಿಲ್ಲ. ಇಳಿದಲ್ಲಿಂದ ಮೇನ್ ಸ್ಟ್ರೀಟ್ ಈಸ್ಟ್ ಹಿಡಿದು ಹೋದರೆ ಮೀನುಂಡೆ ನೂಡಲ್ಸ್ ಅಂಗಡಿಗಳು, ರಸ್ತೆಯ ಕೊನೆಯ ಕಡೆ ಬೆಸ್ತರು ನಡೆದುಕೊಳ್ಳುವ ಟಾಮ್ ಕುಂಗ್ ದೇವರ ಗುಡಿ. ಸಸ್ಯಾಹಾರಿಗಳು ಬರೀ ನೂಡಲ್ಸ್ ಕೇಳಿದರೂ ಸಾರು ಮೀನಿನದೇ ಇರುತ್ತದೆ, ಹಣ್ಣೋ ಬನ್ನೋ ಕೊಳ್ಳುವುದು ಮೇಲು. ಕತ್ತಲಾಗಿದ್ದರೆ ಮೆಟ್ರೋದಲ್ಲಿ ವಾಪಸಾಗಿ, ಸೆಂಟ್ರಲ್‌ಗೆ ಅರ್ಧ ಗಂಟೆಯೂ ಬೇಡ. ಹೊತ್ತಿದ್ದರೆ ಹ್ಯಾಪಿ ವ್ಯಾಲಿ ಬೋರ್ಡಿನ ಟ್ರಾಮ್ ಹತ್ತಿ. ಬರುವಾಗ ಬಿಟ್ಟ ಆ ಸುತ್ತೂ ಮುಗಿಯುತ್ತದೆ.