ಪದ್ಮಿನಿಯ ತವರೂರಿನಲ್ಲಿ ಒಂದು ಶನಿವಾರ

ಇಟಲಿಯ ಟೂರಿನ್‌ನಲ್ಲಿ ಆಫೀಸಿನ ಕೆಲಸ ಶುಕ್ರವಾರಕ್ಕೇ ಮುಗಿದಿತ್ತು. ವಾಪಸ್ ವಿಮಾನ ಇದ್ದದ್ದು ಭಾನುವಾರ. ನಡುವಿನ ಶನಿವಾರ ಏನು ಮಾಡಬೇಕು ಅನ್ನೋದು ಬೆಂಗಳೂರು ಬಿಡುವ ಮೊದಲೇ ಮನಸ್ಸಿನಲ್ಲಿತ್ತು. ಹಾಸನದ ನಮ್ಮ ಮನೆ ಮುಂದೆ ಹದಿನೈದು ವರ್ಷ ನಿಂತಿದ್ದ ಬಿಳಿ ಪ್ರೀಮಿಯರ್ ಪದ್ಮಿನಿ ಕಾರಿನ ತವರು ಈ ಊರೇ. ಅದರ ಮೂಲ ಕಾರು ಮಾಡಿದ ಫಿಯಟ್ (FIAT) ಕಂಪನಿಯ ಹೆಸರಿನ ಕೊನೆಯ T ಅಂದರೆ ಟೂರಿನ್. ಇಲ್ಲಿಯವರು ಊರನ್ನು ಟೊರಿನೊ ಅಂತಾರೆ.

ಬೆಳಿಗ್ಗೆ ಪೋರ್ತಾ ನುವೋವಾ ನಿಲ್ದಾಣದಿಂದ ಡ್ರೈವರ್ ಇಲ್ಲದ ಮೆಟ್ರೊ ಹತ್ತಿ ಲಿಂಗೊಟ್ಟೊದಲ್ಲಿ ಇಳಿದೆ. 1923ರಲ್ಲಿ ಶುರುವಾದ ಫಿಯಟ್ ಕಾರ್ಖಾನೆ ಇದು. ಐದು ಮಹಡಿ. ಕಬ್ಬಿಣ, ತಗಡು ಎಲ್ಲ ಕೆಳಗೆ ಒಳಗೆ ಬರುತ್ತಿತ್ತು. ಒಂದೊಂದು ಮಹಡಿ ಹತ್ತುತ್ತಾ ಕಾರು ತಯಾರಾಗುತ್ತಿತ್ತು. ಕೊನೆಗೆ ತಾರಸಿಯ ಮೇಲೆ ಓಡಿಸಿ ನೋಡುತ್ತಿದ್ದರು! 1982ರಲ್ಲಿ ಕಾರ್ಖಾನೆ ಮುಚ್ಚಿತು. ಈಗ ಒಳಗೆ ಅಂಗಡಿಗಳು, ಹೋಟೆಲು. ತಾರಸಿಯ ಟ್ರ್ಯಾಕ್ ಮಾತ್ರ ಹಾಗೇ ಇದೆ, ಸುತ್ತ ಗಿಡ ಬೆಳೆಸಿದ್ದಾರೆ. ತಿರುವಿನಲ್ಲಿ ರಸ್ತೆ ಗೋಡೆಯ ಹಾಗೆ ಮೇಲಕ್ಕೆ ಏಳುತ್ತದೆ. ಅದರ ಬುಡದಲ್ಲಿ ನಿಂತು ಕೈ ಇಟ್ಟೆ, ಬಿಸಿಲಿಗೆ ಬೆಚ್ಚಗಿತ್ತು. ದೂರದಲ್ಲಿ ಆಲ್ಪ್ಸ್ ಬೆಟ್ಟಗಳ ಮೇಲೆ ಹಿಮ.

ನಮ್ಮ ಪದ್ಮಿನಿಯ ಮೂಲ ಕಾರು ಹುಟ್ಟಿದ್ದು ಮಾತ್ರ ಇಲ್ಲಲ್ಲ, ಇನ್ನೂ ದಕ್ಷಿಣಕ್ಕಿರುವ ಮಿರಾಫಿಯೊರಿ ಕಾರ್ಖಾನೆಯಲ್ಲಿ. 1953ರಲ್ಲಿ ಬಂದ ಫಿಯಟ್ 1100 ಅದು. ಇಟಲಿಯವರು ಅದನ್ನು 'ಮಿಲ್ಲೆಚೆಂತೊ' ಅಂತಾರೆ, ಅಂದರೆ ಸಾವಿರದ ನೂರು. ಇಲ್ಲಿ 1969ರಲ್ಲೇ ಅದರ ಕಥೆ ಮುಗಿಯಿತು. ನಮ್ಮಲ್ಲಿ ಬೇರೆ ಹೆಸರಲ್ಲಿ ಇನ್ನೂ ಸುಮಾರು ಮೂವತ್ತು ವರ್ಷ ಬಾಳಿತು. ಮುಂಬೈನ ರಸ್ತೆಯಿಂದ ಕೊನೆಯ ಪದ್ಮಿನಿ ಟ್ಯಾಕ್ಸಿ ಇಳಿದಿದ್ದು 2023ರ ಅಕ್ಟೋಬರ್‌ನಲ್ಲಿ. ಆ ಸುದ್ದಿ ಓದಿದ ದಿನ ಅಪ್ಪ ಊಟಕ್ಕೆ ಕೂತವರು ಮಾತೇ ಆಡಲಿಲ್ಲ.

ಅಲ್ಲಿಂದ ಕಾರು ಮ್ಯೂಸಿಯಂಗೆ ನಡೆದೇ ಹೋದೆ. 1907ರಲ್ಲಿ ಪೆಕಿಂಗ್‌ನಿಂದ ಪ್ಯಾರಿಸ್‌ವರೆಗೆ ಓಡಿ ಗೆದ್ದ ಇಟಾಲಾ ಕಾರು ಅಲ್ಲಿದೆ. ಆದರೆ ನಾನು ಜಾಸ್ತಿ ಹೊತ್ತು ನಿಂತಿದ್ದು 1957ರ ಪುಟ್ಟ ಫಿಯಟ್ 500ರ ಮುಂದೆ. ಉದ್ದ ಮೂರು ಮೀಟರ್ ಕೂಡ ಇಲ್ಲ. ಅದೇ ಹೆಸರಿನ ಇವತ್ತಿನ ಎಲೆಕ್ಟ್ರಿಕ್ ಕಾರು ಮೂರೂವರೆ ಮೀಟರ್ ದಾಟಿದೆ. ಮುಖ ಅದೇ, ದುಂಡು ದೀಪವೂ ಅದೇ. ಕಡಿಮೆಯಾಗಿರೋದು ಕಿಟಕಿಯ ಗಾಜು.

ಟೂರಿನ್‌ನವರಿಗೆ ಕಾರಿನ ವಿನ್ಯಾಸ ಮಾಡೋದು ಮರೆತುಹೋಗಿಲ್ಲ. ನಮ್ಮ ಟಾಟಾ ಇಂಡಿಕಾದ ರೂಪ ಕೂಡ ಇದೇ ಊರಿನ ಸ್ಟುಡಿಯೊದ್ದು. ಬದಲಾಗಿದ್ದು ಕಾಲ. ಕಾರು ಉರುಳಿದರೆ ಮೇಲ್ಛಾವಣಿ ಕುಸಿಯಬಾರದು, ಅದಕ್ಕೆ ಕಂಬಗಳು ದಪ್ಪ. ಪಕ್ಕದಿಂದ ಗುದ್ದಿದರೆ ತಡೆಯಬೇಕು, ಅದಕ್ಕೆ ಬಾಗಿಲು ಎತ್ತರ. ನಡೆದು ಹೋಗುವವರ ತಲೆ ಬಾನೆಟ್‌ಗೆ ಬಡಿದರೆ ಕೆಳಗಿನ ಎಂಜಿನ್ ತಾಕಬಾರದು, ಅದಕ್ಕೆ ಮೂತಿಯೂ ಎತ್ತರ. ಇದರ ಬೆಲೆ ನನಗೆ ಗೊತ್ತು. ಹೋದ ವರ್ಷ ನೆಲಮಂಗಲದ ಹತ್ತಿರ ತಂಗಿಯ ಕಾರಿಗೆ ಪಕ್ಕದಿಂದ ಟೆಂಪೊ ಗುದ್ದಿತು. ಬಾಗಿಲು ನುಜ್ಜುಗುಜ್ಜಾಯಿತು, ಅವಳಿಗೆ ಒಂದು ಗೀರೂ ಆಗಲಿಲ್ಲ. ಪದ್ಮಿನಿಯಲ್ಲಿ ಹಾಗೆ ಆಗಿದ್ದರೆ ಅಂತ ಯೋಚಿಸೋಕೂ ಭಯ.

ಆದರೂ ಅವಳ ನಾಲ್ಕು ವರ್ಷದ ಮಗಳು ಹಿಂದಿನ ಸೀಟಲ್ಲಿ ಕೂತರೆ ಅವಳಿಗೆ ಕಾಣೋದು ಬರೀ ಆಕಾಶ. ಐದು ನಿಮಿಷಕ್ಕೆ ಮೊಬೈಲ್ ಕೇಳುತ್ತಾಳೆ. ಅವಳ ವಯಸ್ಸಲ್ಲಿ ನಾನು ಸಕಲೇಶಪುರದ ಕಾಫಿ ತೋಟ, ಗೇಟಿನ ಮುಂದೆ ನಿಂತ ನಾಯಿ, ಹೇಮಾವತಿ ಹೊಳೆ ಎಲ್ಲವನ್ನೂ ಕೂತಲ್ಲೇ ನೋಡಿದ್ದೆ. ಪದ್ಮಿನಿಯ ಗೇರು ಸ್ಟೀರಿಂಗ್ ಪಕ್ಕದಲ್ಲಿತ್ತು, ಮುಂದಿನ ಸೀಟು ಬೆಂಚಿನ ಹಾಗೆ ಉದ್ದಕ್ಕಿತ್ತು. ಅಪ್ಪ ಅಮ್ಮನ ನಡುವೆ ನನ್ನ ಜಾಗ. ಘಾಟಿಯ ತಿರುವಿಗೆ ಅಮ್ಮನಿಗೆ ವಾಂತಿ ಬರೋ ಹಾಗಾಗುತ್ತಿತ್ತು. ಆಗ ಅವರು ಬಾಗಿಲ ಮೂಲೆಯ ತ್ರಿಕೋನದ ಗಾಜನ್ನು ಪೂರ್ತಿ ತಿರುಗಿಸುತ್ತಿದ್ದರು. ಗಾಳಿ ನೇರ ಮುಖಕ್ಕೆ ಬರುತ್ತಿತ್ತು. ಹಳೇ ಕಾರು ಅಂದಾಗ ನನಗೆ ಕ್ರೋಮ್ ಬಂಪರ್ ನೆನಪಾಗಲ್ಲ, ಆ ಗಾಜು ನೆನಪಾಗುತ್ತದೆ.

ಮ್ಯೂಸಿಯಂನಿಂದ ಹೊರಬಂದು ಪೊ ನದಿಯ ಕಡೆಗೆ ಹೋಗೋ ಗಲ್ಲಿಗೆ ತಿರುಗಿದೆ. ಅಲ್ಲೇ ನಿಂತಿತ್ತು, ಬೂದು ಬಣ್ಣದ ಮಿಲ್ಲೆಚೆಂತೊ! ವಯಸ್ಸಾದವರೊಬ್ಬರು ಬಟ್ಟೆ ಹಿಡಿದು ದೀಪದ ಸುತ್ತ ಒರೆಸುತ್ತಿದ್ದರು. ನನಗೆ ಇಟಾಲಿಯನ್ ಬರಲ್ಲ, ಅವರಿಗೆ ಇಂಗ್ಲಿಷ್ ಬರಲ್ಲ. ಮೊಬೈಲಿನಲ್ಲಿದ್ದ ನಮ್ಮ ಪದ್ಮಿನಿಯ ಫೋಟೊ ತೋರಿಸಿದೆ. ಒಮ್ಮೆ ಫೋಟೊ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಬಾಗಿಲು ತೆಗೆದು ಒಳಗೆ ಕೂರು ಅಂತ ಕೈ ಮಾಡಿದರು.

ಕೂತ ತಕ್ಷಣ ಪೆಟ್ರೋಲು, ರೆಕ್ಸಿನ್ ಬೆರೆತ ಅದೇ ವಾಸನೆ. ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಹಾಸನದಲ್ಲಿ ಆಗ ಸಂಜೆ. ಸ್ಟೀರಿಂಗ್ ತೋರಿಸಿದೆ, ಡ್ಯಾಶ್‌ಬೋರ್ಡ್ ತೋರಿಸಿದೆ. ಅಪ್ಪ ಕನ್ನಡಕ ಸರಿಮಾಡಿಕೊಂಡು ಪರದೆಗೆ ಮುಖ ಹತ್ತಿರ ತಂದರು.

"ಆ ಸಣ್ಣ ಗಾಜು ತೋರ್ಸು" ಅಂದರು.

ತೋರಿಸಿ, ಚಿಲಕಕ್ಕೆ ಕೈ ಹಾಕಿದೆ.

"ಮೆಲ್ಲಗೆ ಕಣೋ, ಸುಮ್ನೆ ಎಳೀಬೇಡ. ಅವರ ಗಾಡಿ ಅದು."

ಮೆಲ್ಲಗೆ ತಿರುಗಿಸಿದೆ. ಕಿರ್ ಅಂತ ತೆರೆದುಕೊಂಡಿತು.

"ನಮ್ದೂ ಹಿಂಗೇ ಸದ್ದು ಮಾಡ್ತಿತ್ತು" ಅಂದ ಅಪ್ಪ ಒಳಗೆ ತಿರುಗಿ ಅಮ್ಮನನ್ನು ಕೂಗಿದರು. ಅಮ್ಮ ಬರೋವರೆಗೂ ನಾನು ಆ ಗಾಜು ಮುಚ್ಚಲಿಲ್ಲ.